ಹದಿಹರೆಯದವರಿಗೆ ಗರ್ಭನಿರೋಧಕ ಸಲಹೆ ಕ್ಯಾಷುಯಲ್ಟಿಯಲ್ಲೇ ಸಿಗಬೇಕು

ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ನಾನು ಶುಶ್ರೂಷಾಧಿಕಾರಿಯಾಗಿದ್ದೇನೆ. ರಾತ್ರಿ ಪಾಳಿಯಲ್ಲಿ ನಮ್ಮಲ್ಲಿಗೆ ಬರುವ ಹದಿನೈದರಿಂದ ಹತ್ತೊಂಬತ್ತರ ವಯಸ್ಸಿನ ಹುಡುಗಿಯರು ಹೇಳಿಕೊಳ್ಳುವ ತೊಂದರೆಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಹೊಟ್ಟೆನೋವು, ವಾಂತಿ, ತಲೆಸುತ್ತಿ ಬಿದ್ದದ್ದು, ವಿಪರೀತ ರಕ್ತಸ್ರಾವ, ಇಲಿ ಪಾಷಾಣ ತಿಂದದ್ದು, ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಒಟ್ಟಿಗೆ ನುಂಗಿದ್ದು. ಇವುಗಳಲ್ಲಿ ಕೆಲವು ಪ್ರಕರಣಗಳ ಹಿಂದೆ ಗರ್ಭ ನಿಂತಿರಬಹುದೆಂಬ ಭಯವಿರುತ್ತದೆ, ಕೆಲವರಲ್ಲಿ ಗರ್ಭವೇ ಇರುತ್ತದೆ. ನಾವು ಡ್ರಿಪ್ ಹಾಕಿ, ನೋವಿಗೆ ಇಂಜೆಕ್ಷನ್ ಕೊಟ್ಟು, ಹೊಟ್ಟೆ ತೊಳೆಯಬೇಕಾದವರಿಗೆ ತೊಳೆದು, ಬೆಳಿಗ್ಗೆ ಮನೆಗೆ ಕಳುಹಿಸುತ್ತೇವೆ. ಆ ಭಯದ ಬಗ್ಗೆ ಅವರನ್ನು ಯಾರೂ ಕೇಳಿರುವುದಿಲ್ಲ, ಮುಂದೆ ಹಾಗಾಗದಂತೆ ಏನು ಮಾಡಬೇಕೆಂದು ಯಾರೂ ಹೇಳಿರುವುದಿಲ್ಲ. ಈ ಮಾತುಕತೆ ಕ್ಯಾಷುಯಲ್ಟಿಯ ಕೆಲಸವೇ ಆಗಬೇಕೆಂದು ನಾನು ನಂಬಿದ್ದೇನೆ. ಅದೇಕೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಇದಕ್ಕಾಗಿ ಬೇರೆ ವ್ಯವಸ್ಥೆ ಇಲ್ಲವೇ ಎಂದು ಕೇಳಿದರೆ, ಇದೆ. ಕೇಂದ್ರ ಸರ್ಕಾರ 2014ರ ಜನವರಿಯಲ್ಲಿ ಆರಂಭಿಸಿದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗಾಗಿ ಪ್ರತ್ಯೇಕ ಕ್ಲಿನಿಕ್‌ಗಳಿವೆ. ನಮ್ಮ ರಾಜ್ಯದಲ್ಲಿ ಅವುಗಳನ್ನು ಸ್ನೇಹ ಕ್ಲಿನಿಕ್ ಎನ್ನುತ್ತೇವೆ. ಅಲ್ಲಿನ ಆಪ್ತಸಮಾಲೋಚಕರು ಈ ವಿಷಯ ಮಾತನಾಡಲು ತರಬೇತಿ ಪಡೆದವರು, ಅವರ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಸ್ನೇಹ ಕ್ಲಿನಿಕ್‌ ತೆರೆದಿರುವುದು ಹಗಲು ಹೊತ್ತಿನಲ್ಲಿ. ಆ ಹೊತ್ತಿಗೆ ಕಾಲೇಜಿನ ಹುಡುಗಿ ಕಾಲೇಜಿನಲ್ಲಿರುತ್ತಾಳೆ. ಶಿಡ್ಲಘಟ್ಟದ ರೀಲಿಂಗ್ ಘಟಕದಲ್ಲಿ ನೂಲು ತೆಗೆಯುವವಳು ಬಿಸಿನೀರಿನ ಬೇಸಿನ್ನಿನ ಮುಂದೆ ನಿಂತಿರುತ್ತಾಳೆ. ದೊಡ್ಡಬಳ್ಳಾಪುರದ ಕಡೆ ಗಾರ್ಮೆಂಟ್ಸಿಗೆ ಹೋಗುವವಳು ಬೆಳಕು ಹರಿಯುವ ಮೊದಲೇ ಬಸ್ಸು ಹತ್ತಿರುತ್ತಾಳೆ. ಬಿಡುವು ಸಿಕ್ಕರೂ ಆ ಬಾಗಿಲಿನ ಮುಂದೆ ಕುಳಿತವಳನ್ನು ಊರಿನವರು ಯಾರಾದರೂ ನೋಡಿದರೆ ಏಕೆ ಬಂದೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಕ್ಯಾಷುಯಲ್ಟಿಗೆ ಆ ತೊಡಕಿಲ್ಲ. ಹೊಟ್ಟೆನೋವೆಂದು ರಾತ್ರಿ ಹನ್ನೊಂದಕ್ಕೆ ಬಂದವಳನ್ನು ಯಾರೂ ಅನುಮಾನಿಸುವುದಿಲ್ಲ. ಅಮೆರಿಕದ ಮಕ್ಕಳ ತುರ್ತು ವಿಭಾಗಗಳಲ್ಲಿ ಈ ವಿಷಯದ ಮೇಲೆ ಅಧ್ಯಯನಗಳು ನಡೆದದ್ದೂ ಇಂಥದೇ ಕಾರಣಕ್ಕೆ: ಅಲ್ಲಿಯೂ ಎಷ್ಟೋ ಹದಿಹರೆಯದವರು ವೈದ್ಯರ ಮುಖ ನೋಡುವುದೇ ತುರ್ತು ವಿಭಾಗದಲ್ಲಿ, ಮತ್ತು ಅಲ್ಲಿಯೇ ಗರ್ಭನಿರೋಧಕದ ಸಲಹೆ ಸಿಗುವುದಾದರೆ ಅವರಲ್ಲಿ ಹಲವರು ಬೇಡವೆನ್ನುವುದಿಲ್ಲ.

ನಮ್ಮ ವಾರ್ಡಿನ ಮುಖ್ಯ ಅಡಚಣೆ ಜಾಗದ್ದು. ಒಂದೇ ಹಾಲ್, ಸಾಲಾಗಿ ಮಂಚಗಳು, ನಡುವೆ ಚಕ್ರದ ಮೇಲೆ ಓಡಾಡುವ ಹಸಿರು ಬಟ್ಟೆಯ ಪರದೆ. ಪರದೆ ಕಣ್ಣಿಗೆ ಮರೆ ಮಾಡುತ್ತದೆಯೇ ಹೊರತು ಮಾತಿಗೆ ಮಾಡುವುದಿಲ್ಲ. ಒಂದು ರಾತ್ರಿ ನಡೆದದ್ದನ್ನು ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತೇನೆ. ಹತ್ತೊಂಬತ್ತರ ಹುಡುಗಿ, ಜೊತೆಗೆ ತಾಯಿ ಮತ್ತು ಚಿಕ್ಕಮ್ಮ. ಕಿಬ್ಬೊಟ್ಟೆ ನೋವು, ಸಣ್ಣ ಜ್ವರ, ಎರಡು ಸಲ ವಾಂತಿ. ಡ್ಯೂಟಿ ಡಾಕ್ಟರು ಕೊನೆಯ ಮುಟ್ಟು ಯಾವಾಗ ಎಂದು ಕೇಳಿದಾಗ ಉತ್ತರ ಕೊಟ್ಟದ್ದು ತಾಯಿ: "ಅವಳಿಗೆ ಸರಿಯಾಗೇ ಆಗುತ್ತೆ ಸಾರ್." ಹುಡುಗಿ ಗೋಡೆ ನೋಡುತ್ತಿದ್ದಳು.

ಇಂಥಲ್ಲಿ ತಾಯಿಯನ್ನು ಏನೋ ನೆಪ ಹೇಳಿ ಹೊರಗೆ ಕಳುಹಿಸುವವರಿದ್ದಾರೆ. ನನಗೆ ಅದು ಸರಿಕಾಣುವುದಿಲ್ಲ, ಏಕೆಂದರೆ ನೆಪವೆಂದು ಗೊತ್ತಾದ ಕೂಡಲೇ ತಾಯಿಗೆ ಅನುಮಾನ ಹುಟ್ಟುತ್ತದೆ, ಆ ಅನುಮಾನದ ಏಟು ಬೀಳುವುದು ಹುಡುಗಿಯ ಮೇಲೆ. ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ ಮೇಲು. "ಅಮ್ಮಾ, ಈ ವಯಸ್ಸಿನ ಮಕ್ಕಳು ಯಾರೇ ಬರಲಿ, ಹುಡುಗರಾದರೂ ಸರಿ, ಐದು ನಿಮಿಷ ಅವರೊಬ್ಬರನ್ನೇ ಮಾತಾಡಿಸುತ್ತೇವೆ. ಇಲ್ಲಿನ ಕ್ರಮ ಅದು. ನೀವು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಿರಿ, ನಾನೇ ಕರೆಯುತ್ತೇನೆ" ಎಂದೆ. ತಾಯಿ ಎದ್ದರು, ಚಿಕ್ಕಮ್ಮ ಒಮ್ಮೆ ಹಿಂದಿರುಗಿ ನೋಡಿದರು, ಅಷ್ಟೇ. ಎಲ್ಲರಿಗೂ ಒಂದೇ ಕ್ರಮವೆಂದರೆ ಯಾರ ಮಗಳ ಮೇಲೂ ಬೊಟ್ಟು ಮಾಡಿದಂತಾಗುವುದಿಲ್ಲ. ಚಿಂತಾಮಣಿ, ಬಾಗೇಪಲ್ಲಿ ಕಡೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಅಂಥವರ ಹತ್ತಿರ ಇದೇ ಮಾತನ್ನು ತೆಲುಗಿನಲ್ಲಿ ಹೇಳಿದರೆ ಅರ್ಧ ಬಿಗುವು ಅಲ್ಲೇ ಸಡಿಲವಾಗುತ್ತದೆ.

ಇಬ್ಬರೇ ಆದಮೇಲೆ ಅವಳು ಮೊದಲು ಕೇಳಿದ್ದು, "ಅಕ್ಕಾ, ಅಮ್ಮನಿಗೆ ಹೇಳ್ತೀರಾ?" ಅವಳಿಗೆ ಹದಿನೆಂಟು ತುಂಬಿತ್ತು, ಆದ್ದರಿಂದ ಅವಳ ಒಪ್ಪಿಗೆಯಿಲ್ಲದೆ ಯಾರಿಗೂ ಹೇಳುವುದಿಲ್ಲವೆಂದು ನಾನು ಮಾತು ಕೊಡಬಹುದಿತ್ತು, ಕೊಟ್ಟೆ. ಹಿಂದಿನ ದಿನ ದೈಹಿಕ ಸಂಬಂಧವಾಗಿತ್ತು, ಯಾವ ರಕ್ಷಣೆಯೂ ಇರಲಿಲ್ಲ. ಗರ್ಭ ನಿಲ್ಲದಂತೆ ತಡೆಯುವ ತುರ್ತು ಮಾತ್ರೆಯ ಹೆಸರು ಅವಳು ಕೇಳಿದ್ದಳು. "ಅದು ಮುಟ್ಟು ತಪ್ಪಿದ ಮೇಲೆ ತಗೊಳ್ಳೋದಲ್ವಾ ಅಕ್ಕಾ? ಇನ್ನೂ ನೋಡೋಣ ಅಂತಿದ್ದೆ" ಎಂದಳು. ಅವಳ ನೋವಿಗೆ ಕಾರಣ ಮೂತ್ರದ ಸೋಂಕು, ಅದಕ್ಕೆ ಔಷಧಿ ಬರೆದದ್ದಾಯಿತು. ಆದರೆ ಆ ರಾತ್ರಿ ಅವಳನ್ನು ಬೇರೆಯಾಗಿ ಮಾತನಾಡಿಸದೆ ಹೋಗಿದ್ದರೆ, ಮಾತ್ರೆ ಕೆಲಸ ಮಾಡಬಹುದಾಗಿದ್ದ ಗಂಟೆಗಳು ಆಸ್ಪತ್ರೆಯ ಮಂಚದ ಮೇಲೆಯೇ ಕಳೆದುಹೋಗುತ್ತಿದ್ದವು.

ಆ ಗಂಟೆಗಳ ಲೆಕ್ಕ ಎಲ್ಲರಿಗೂ ತಿಳಿದಿರಬೇಕು. ಆ ತುರ್ತು ಮಾತ್ರೆಯನ್ನು, ಅಂದರೆ 1.5 ಮಿಲಿಗ್ರಾಂ ಲೆವೊನಾರ್‌ಜೆಸ್ಟ್ರೆಲ್ ಮಾತ್ರೆಯನ್ನು, ಸಂಬಂಧವಾದ 72 ಗಂಟೆಯೊಳಗೆ ನುಂಗಬೇಕು, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. ಅಂಡಾಶಯದಿಂದ ಅಂಡ ಬಿಡುಗಡೆಯಾಗುವುದನ್ನು ಅದು ಮುಂದೂಡುತ್ತದೆ. ಅಂಡ ಬಿಡುಗಡೆಯಾಗಿಬಿಟ್ಟಿದ್ದರೆ ಅದರಿಂದ ಪ್ರಯೋಜನವಾಗುವುದು ಕಷ್ಟ. ಆಗಲೇ ನಿಂತ ಗರ್ಭವನ್ನು ಅದು ಬೀಳಿಸುವುದಿಲ್ಲ, ಗರ್ಭಪಾತದ ಮಾತ್ರೆಯೇ ಬೇರೆ, ಇದೇ ಬೇರೆ. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆ ತೆಗೆದುಕೊಳ್ಳಬೇಕು. ವಾಂತಿಯೆಂದೇ ಕ್ಯಾಷುಯಲ್ಟಿಗೆ ಬಂದವಳಿಗೆ ಇದನ್ನು ಎರಡು ಸಲ ಹೇಳಬೇಕು. ಈ ಮಾತ್ರೆಯ ಮೇಲೆ ನಂಬಿಕೆಯಿಟ್ಟು ಅದೇ ತಿಂಗಳಿನಲ್ಲಿ ಮತ್ತೆ ರಕ್ಷಣೆಯಿಲ್ಲದೆ ಸೇರಿದರೆ ಗರ್ಭ ನಿಲ್ಲಬಹುದು. ಮೂರು ವಾರವಾದರೂ ಮುಟ್ಟಾಗದಿದ್ದರೆ ಮೂತ್ರ ಪರೀಕ್ಷೆ ಮಾಡಿಸಬೇಕು. ಒಮ್ಮೆ ತೆಗೆದುಕೊಂಡರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತು ನಮ್ಮ ಕಡೆ ಬಲವಾಗಿ ಹಬ್ಬಿದೆ, ಅದು ಸುಳ್ಳು. ಮೆಡಿಕಲ್ ಶಾಪಿನಲ್ಲಿ ಇದನ್ನು ವೈದ್ಯರ ಚೀಟಿಯಿಲ್ಲದೆಯೇ ಕೊಡುತ್ತಾರೆ, ಇದೇ ಮಾತ್ರೆ ಸರ್ಕಾರದ ಈಜಿ ಪಿಲ್ ಹೆಸರಿನಲ್ಲಿ ಆಶಾ ಕಾರ್ಯಕರ್ತೆಯರ ಹತ್ತಿರವೂ ಇರುತ್ತದೆ. ಆದರೆ ಆಶಾ ಅಕ್ಕ ಅದೇ ಬೀದಿಯವರು, ಮೆಡಿಕಲ್ಸ್‌ನವರು ಅಪ್ಪನ ಪರಿಚಯದವರು. ಹಾಗಿರುವಾಗ ಮದುವೆಯಾಗದ ಹುಡುಗಿ ಅವರನ್ನು ಕೇಳುವುದಾದರೂ ಹೇಗೆ?

ಮಾತ್ರೆಗಿಂತಲೂ ಹೆಚ್ಚು ಭರವಸೆಯ ತುರ್ತು ಉಪಾಯ ಗರ್ಭಕೋಶದೊಳಗೆ ಇಡುವ ಕಾಪರ್-ಟಿ. ಸಂಬಂಧವಾದ ಐದು ದಿನಗಳೊಳಗೆ ಅದನ್ನು ಅಳವಡಿಸಿದರೆ ಗರ್ಭ ನಿಲ್ಲುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ, ಮುಂದೆ ವರ್ಷಗಟ್ಟಲೆ ಅದೇ ಕೆಲಸ ಮಾಡುತ್ತದೆ. ಹೆರಿಗೆಯಾಗದವರಿಗೆ ಕಾಪರ್-ಟಿ ಹಾಕುವುದಿಲ್ಲವೆಂದು ಸಿಬ್ಬಂದಿಯಲ್ಲೇ ಹಲವರು ತಿಳಿದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಪ್ರಕಾರ ಇಪ್ಪತ್ತಕ್ಕಿಂತ ಕಡಿಮೆ ವಯಸ್ಸಿನವರಿಗೂ ಹೆರಿಗೆಯಾಗದವರಿಗೂ ಅದನ್ನು ಹಾಕಬಹುದು. ನಡುರಾತ್ರಿ ಕ್ಯಾಷುಯಲ್ಟಿಯಲ್ಲಿ ಹಾಕುವ ಮಾತಂತೂ ಇಲ್ಲ. ಇನ್ನೂ ದಿನಗಳಿವೆ, ಬೆಳಿಗ್ಗೆ ಹೆರಿಗೆ ವಿಭಾಗದಲ್ಲಿ ಇಂಥವರನ್ನು ನೋಡು ಎಂದು ಹೇಳಿ, ಅಲ್ಲಿನವರಿಗೆ ಮೊದಲೇ ತಿಳಿಸಿಟ್ಟರೆ ಸಾಕು. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ಮೊದಲ ಮೂರು ತಿಂಗಳು ವಾರಕ್ಕೆರಡು ಸಲ, ಆಮೇಲೆ ವಾರಕ್ಕೊಂದು ಸಲ ನುಂಗುವ ಛಾಯಾ ಮಾತ್ರೆ, ದಿನವೂ ನುಂಗುವ ಮಾಲಾ-ಎನ್, ಕಾಂಡೋಮ್, ಇವೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಲೈಂಗಿಕ ಸೋಂಕಿನಿಂದ ಕಾಪಾಡುವುದು ಇವುಗಳಲ್ಲಿ ಕಾಂಡೋಮ್ ಒಂದೇ. ಯಾವುದನ್ನು ಆರಿಸಬೇಕೆಂದು ನಾವು ಹೇರಬಾರದು. ಏನೂ ಬೇಡ, ಯೋಚಿಸುತ್ತೇನೆ ಎಂದರೆ ಅದೂ ಅವಳ ಉತ್ತರವೇ.

ಈವರೆಗೆ ಹೇಳಿದ್ದು ಹದಿನೆಂಟು ದಾಟಿದವರ ಸಂಗತಿ. ಹದಿನೇಳರ ಹುಡುಗಿ ಬಂದರೆ ನಮ್ಮ ವಾರ್ಡಿನಲ್ಲಿ ಎಲ್ಲರ ಬಾಯಿಯೂ ಕಟ್ಟಿಹೋಗುತ್ತದೆ, ಕಾರಣ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ. 2012ರ ಆ ಕಾಯ್ದೆಯಲ್ಲಿ 18 ತುಂಬದವರ ಒಪ್ಪಿಗೆಗೆ ಬೆಲೆಯಿಲ್ಲ. ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 19ನೇ ಕಲಂ ಹೇಳುತ್ತದೆ, ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ ಆಗಬಹುದೆಂದು 21ನೇ ಕಲಂ ಹೇಳುತ್ತದೆ. ಮದುವೆಯಾಗಿದೆಯೆಂಬುದೂ ಇಲ್ಲಿ ರಕ್ಷಣೆಯಲ್ಲ. 18ರೊಳಗಿನ ಹೆಂಡತಿಯೊಡನೆ ಸಂಬಂಧ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ಕೊಟ್ಟಿದೆ. ಹೀಗಾಗಿ ಸಿಬ್ಬಂದಿ ಒಂದು ಸುಲಭದ ದಾರಿ ಕಂಡುಕೊಂಡಿದ್ದಾರೆ: ಕೇಳದಿದ್ದರೆ ತಿಳಿಯುವುದಿಲ್ಲ, ತಿಳಿಯದಿದ್ದರೆ ತಿಳಿಸಬೇಕಾಗಿಲ್ಲ. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ, ಆದರೆ ಈ ದಾರಿಯನ್ನು ನಾನು ಒಪ್ಪುವುದಿಲ್ಲ. ಕೇಳದೆ ಬಿಟ್ಟವರಲ್ಲಿ ಪ್ರೀತಿಸಿದವನ ಜೊತೆ ಹೋದವಳೂ ಇರಬಹುದು, ಮನೆಯ ಗಂಡಸಿನಿಂದಲೇ ಹಿಂಸೆಗೊಳಗಾದವಳೂ ಇರಬಹುದು. ನಮ್ಮ ಮೌನದಿಂದ ಎರಡನೆಯವಳು ಮತ್ತೆ ಅದೇ ಮನೆಗೆ ಹೋಗುತ್ತಾಳೆ.

ನನ್ನ ದೃಷ್ಟಿಯಲ್ಲಿ ಇದಕ್ಕೆ ಪರಿಹಾರ, ಕೇಳುವ ಮೊದಲೇ ಹೇಳುವುದು. ಪರದೆ ಎಳೆದು, ಸ್ಟೂಲಿನ ಮೇಲೆ ಕುಳಿತು, ಮೊದಲ ಪ್ರಶ್ನೆಗೂ ಮೊದಲು ನಾನು ಹೇಳುವುದು ಇಷ್ಟು: "ನೋಡಮ್ಮ, ನೀನು ಹೇಳುವ ಬಹಳಷ್ಟು ಮಾತು ನನ್ನಲ್ಲೇ ಉಳಿಯುತ್ತದೆ. ಆದರೆ ನಿನಗೆ ಹದಿನೆಂಟು ತುಂಬಿಲ್ಲ. ನಿನ್ನ ಜೊತೆ ಯಾರಾದರೂ ದೈಹಿಕ ಸಂಬಂಧ ಮಾಡಿದ್ದಾರೆಂದು ನನಗೆ ತಿಳಿದರೆ ಪೊಲೀಸರಿಗೆ ತಿಳಿಸಬೇಕೆಂದು ಕಾನೂನಿದೆ. ಯಾರಾದರೂ ನಿನಗೆ ತೊಂದರೆ ಕೊಡುತ್ತಿದ್ದರೆ ಹೇಳು, ನಿನ್ನ ಜೊತೆ ನಾವಿರುತ್ತೇವೆ. ನೀನು ಏನೂ ಹೇಳದಿದ್ದರೂ, ಈ ವಯಸ್ಸಿನವರೆಲ್ಲರಿಗೂ ತಿಳಿದಿರಬೇಕಾದ ಕೆಲವು ವಿಷಯ ನಾನು ಹೇಳುತ್ತೇನೆ, ಕೇಳಿಸಿಕೋ." ಆಮೇಲೆ ಮೇಲಿನ ಮಾಹಿತಿಯನ್ನೆಲ್ಲ ಹೇಳುತ್ತೇನೆ. ಮಾಹಿತಿ ಕೊಡುವುದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ, ಹದಿಹರೆಯದವರ ಕಾರ್ಯಕ್ರಮದಲ್ಲೇ ಅದು ಸೇರಿದೆ. ಗುಟ್ಟಾಗಿಡುತ್ತೇನೆಂದು ನಂಬಿಸಿ, ಹುಡುಗಿ ಬಾಯಿ ಬಿಟ್ಟ ಮೇಲೆ ಠಾಣೆಗೆ ಫೋನ್ ಮಾಡಿದರೆ ಅವಳು ಮುಂದೆಂದೂ ಯಾವ ಆಸ್ಪತ್ರೆಯನ್ನೂ ನಂಬುವುದಿಲ್ಲ.

ತಿಳಿಸಲೇಬೇಕಾದ ಪ್ರಕರಣದಲ್ಲಿ ಚಿಕಿತ್ಸೆ ಪೊಲೀಸರಿಗಾಗಿ ಕಾಯುವಂತಿಲ್ಲ. 2020ರ ಪೋಕ್ಸೊ ನಿಯಮಗಳಲ್ಲಿ 6ನೆಯದು ತುರ್ತು ಚಿಕಿತ್ಸೆಗೆ ಸಂಬಂಧಿಸಿದ್ದು, ಕ್ಯಾಷುಯಲ್ಟಿಯಲ್ಲಿರುವ ಪ್ರತಿಯೊಬ್ಬರೂ ಅದನ್ನು ಓದಿರಬೇಕು. ಪೊಲೀಸರ ಪತ್ರವನ್ನಾಗಲಿ ಮ್ಯಾಜಿಸ್ಟ್ರೇಟರ ಆದೇಶವನ್ನಾಗಲಿ ಕೇಳಿ ಚಿಕಿತ್ಸೆಯನ್ನು ತಡಮಾಡಬಾರದು; ಲೈಂಗಿಕ ಸೋಂಕು ಮತ್ತು ಎಚ್‌ಐವಿ ತಡೆಯ ಔಷಧಿ ಕೊಡುವುದನ್ನು ನೋಡಬೇಕು; ಗರ್ಭ ನಿಲ್ಲುವ ಸಾಧ್ಯತೆಯನ್ನೂ ತುರ್ತು ಗರ್ಭನಿರೋಧಕವನ್ನೂ ಋತುಮತಿಯಾದ ಬಾಲಕಿಯೊಡನೆ ಮತ್ತು ಅವಳ ತಂದೆತಾಯಿ ಅಥವಾ ಅವಳು ನಂಬುವ ಬೇರೊಬ್ಬರೊಡನೆ ಚರ್ಚಿಸಬೇಕು. ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳನ್ನು ದಾಖಲಿಸುವ ಎಂಎಲ್‌ಸಿ ಪುಸ್ತಕ ತುಂಬುವುದರಲ್ಲಿ ರಾತ್ರಿ ಕಳೆದು, ತುರ್ತು ಮಾತ್ರೆ ಮರೆತುಹೋಗುವುದಕ್ಕಿಂತ ದೊಡ್ಡ ಅನ್ಯಾಯ ಅವಳಿಗೆ ಆಸ್ಪತ್ರೆಯಲ್ಲಿ ಇನ್ನೊಂದಿಲ್ಲ. ಹಾಗೆಯೇ 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಕೊಟ್ಟ ಗರ್ಭಪಾತದ ತೀರ್ಪೂ ಮುಖ್ಯ: ಅಪ್ರಾಪ್ತೆಯೂ ಅವಳ ಪೋಷಕರೂ ಕೋರಿದರೆ, ಗರ್ಭಪಾತ ಮಾಡುವ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು ಗುರುತು ಬಹಿರಂಗಪಡಿಸಬೇಕಾಗಿಲ್ಲ. ಗರ್ಭಪಾತಕ್ಕೆ ಪೋಷಕರ ಲಿಖಿತ ಒಪ್ಪಿಗೆ ಅಪ್ರಾಪ್ತರ ವಿಷಯದಲ್ಲಿ ಬೇಕೇ ಬೇಕು, ಅದನ್ನು ಹುಡುಗಿಗೆ ಮೊದಲೇ ತಿಳಿಸಿ, ತಾಯಿಯ ಹತ್ತಿರ ಹೇಗೆ ಮಾತು ತೆಗೆಯಬೇಕೆಂದು ಜೊತೆಗೆ ಕುಳಿತು ಯೋಚಿಸಬೇಕು.

ಹದಿನಾರರಿಂದ ಹದಿನೆಂಟರವರ ಒಪ್ಪಿತ ಸಂಬಂಧದ ಪ್ರಶ್ನೆ ನಮ್ಮ ರಾಜ್ಯದಲ್ಲೂ ಎದ್ದಿತ್ತು. ಒಪ್ಪಿಗೆಯ ವಯಸ್ಸಿನ ಬಗ್ಗೆ ಕಾನೂನು ಆಯೋಗ ಮರುಚಿಂತನೆ ಮಾಡಬೇಕೆಂದು ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರಿನಲ್ಲಿ ಹೇಳಿತು. ಆಯೋಗ 2023ರ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡವೆಂದು ಹೇಳಿ, ಶಿಕ್ಷೆ ವಿಧಿಸುವಲ್ಲಿ ನ್ಯಾಯಾಲಯಕ್ಕೆ ವಿವೇಚನೆ ಇರಲಿ ಎಂದಿತು. ಅದು ಕೋರ್ಟು ಕಚೇರಿಗಳಲ್ಲಿ ತೀರ್ಮಾನವಾಗುವ ವಿಷಯ. ಮಂಚದ ಮೇಲಿರುವವಳಿಗೆ ಈ ರಾತ್ರಿ ಏನು ತಿಳಿಯಬೇಕು ಎಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಸಂಬಂಧದ ಸುಳಿವೇ ಇಲ್ಲದ ಪ್ರಕರಣಗಳಲ್ಲೂ ಈ ಮಾತುಕತೆ ಬೇಕಾಗುತ್ತದೆ. ಫಿಟ್ಸ್ ಬಂದು ಕರೆತಂದ ಹುಡುಗಿಯನ್ನು ತೆಗೆದುಕೊಳ್ಳಿ. ಅವಳು ನುಂಗುತ್ತಿರುವುದು ವಾಲ್‌ಪ್ರೊಯೇಟ್ ಆಗಿದ್ದರೆ, ಗರ್ಭ ನಿಂತಾಗ ಅದು ಮಗುವಿನ ನರಮಂಡಲಕ್ಕೆ ಗಂಭೀರ ಹಾನಿ ಮಾಡಬಲ್ಲದು. ಫೆನಿಟಾಯಿನ್ ಅಥವಾ ಕಾರ್ಬಮಜೆಪಿನ್ ಆಗಿದ್ದರೆ, ಗರ್ಭನಿರೋಧಕ ಮಾತ್ರೆಗಳ ಶಕ್ತಿಯನ್ನೇ ಅದು ಕುಗ್ಗಿಸುತ್ತದೆ. ಮುಂದಿನ ವರ್ಷ ಮದುವೆ ಮಾಡುತ್ತೇವೆಂದು ತಾಯಿ ಹೇಳುತ್ತಿರುವಾಗ ಈ ಎರಡು ಸಂಗತಿಗಳನ್ನು ಯಾರೂ ಹೇಳದೆ ಡಿಸ್ಚಾರ್ಜ್ ಮಾಡುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ವಿಷ ಕುಡಿದು ಬದುಕಿದವಳಿಗೆ ಮೊದಲು ಬೇಕಾದುದು ಮನಸ್ಸಿನ ಆರೈಕೆ, ನಿಜ. ಆದರೆ ಏಕೆ ಕುಡಿದಳೆಂದು ಬೇರೆಯಾಗಿ ಕೇಳಿ, ಗರ್ಭ ಪರೀಕ್ಷೆಯನ್ನೂ ಮಾಡಬೇಕು. ಯಾರೋ ಕೊಟ್ಟ ಗರ್ಭಪಾತದ ಮಾತ್ರೆ ನುಂಗಿ ರಕ್ತಸ್ರಾವದಿಂದ ಬಂದವಳಿಗೆ, ಎರಡು ವಾರದೊಳಗೇ ಮತ್ತೆ ಗರ್ಭ ನಿಲ್ಲುವ ಸ್ಥಿತಿ ಬರಬಹುದೆಂದು ತಿಳಿದಿರುವುದಿಲ್ಲ. ಬೈಗುಳಕ್ಕೆ ಬದಲಾಗಿ ಅವಳಿಗೆ ಆ ಮಾಹಿತಿ ಸಿಗಬೇಕು.

ಹುಡುಗರನ್ನು ಈ ವಿಷಯದಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೈಕಿನಿಂದ ಬಿದ್ದು ಹೊಲಿಗೆ ಹಾಕಿಸಿಕೊಳ್ಳಲು ಬಂದ ಹದಿನೆಂಟರ ಹುಡುಗನ ಜೊತೆ ಕಾಂಡೋಮಿನ ಬಗ್ಗೆ ಎರಡು ಮಾತಾಡುವುದಕ್ಕೆ ಹೊಲಿಗೆ ಹಾಕುವ ಹೊತ್ತು ಧಾರಾಳ ಸಾಕು. ಅವರು ನಾಚುತ್ತಾರೆ, ಆದರೆ ಕೇಳಿಸಿಕೊಳ್ಳುತ್ತಾರೆ.

ಕೆಲವು ಸಣ್ಣ ವ್ಯವಸ್ಥೆಗಳಿಂದಲೇ ಈ ಕೆಲಸ ಎಷ್ಟೋ ಹಗುರಾಗುತ್ತದೆ. ತುರ್ತು ಮಾತ್ರೆ, ಗರ್ಭ ಪರೀಕ್ಷೆಯ ಕಾರ್ಡು, ಕಾಂಡೋಮ್ ಇವು ಹಗಲಲ್ಲಿ ಮಾತ್ರ ತೆರೆಯುವ ಔಷಧ ಕೊಠಡಿಯಲ್ಲಿದ್ದರೆ ರಾತ್ರಿಗೆ ಉಪಯೋಗವಿಲ್ಲ. ಕ್ಯಾಷುಯಲ್ಟಿಯ ಕಪಾಟಿನಲ್ಲೇ ಇರಬೇಕು, ಪಾಳಿ ಬದಲಾಗುವಾಗ ಉಳಿದ ಔಷಧಿಗಳ ಜೊತೆ ಎಣಿಕೆಯಾಗಬೇಕು. ಪರೀಕ್ಷೆಯ ಫಲಿತಾಂಶವನ್ನು ಕೇಸ್ ಶೀಟಿನಲ್ಲಿ ಬರೆಯಬೇಕೇ ಹೊರತು ಮನೆಯವರ ಕೈಗೆ ಹೋಗುವ ಓಪಿಡಿ ಚೀಟಿಯಲ್ಲಿ ಬರೆಯಬಾರದು, ಏಕೆಂದರೆ ಆ ಚೀಟಿಯನ್ನು ಓದು ಬಲ್ಲ ತಮ್ಮ ಓದುತ್ತಾನೆ, ಮೆಡಿಕಲ್ಸ್‌ನವರು ಓದುತ್ತಾರೆ. ಫಲಿತಾಂಶವನ್ನು ಒಬ್ಬರಿಂದೊಬ್ಬರಿಗೆ ವಾರ್ಡಿನಾಚೆಯಿಂದ ಕೂಗಿ ಹೇಳುವ ಅಭ್ಯಾಸವಂತೂ ಇವತ್ತೇ ನಿಲ್ಲಬೇಕು. ಮಕ್ಕಳ ಸಹಾಯವಾಣಿ 1098 ಮತ್ತು ಮಹಿಳಾ ಸಹಾಯವಾಣಿ 181 ಸಂಖ್ಯೆಗಳನ್ನು, ಹಿಂಸೆಗೊಳಗಾದ ಹೆಣ್ಣುಮಕ್ಕಳಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರದ ವಿಳಾಸವನ್ನು ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿನ ಒಳಬದಿಗೆ ಅಂಟಿಸಿದರೆ ಯಾರನ್ನೂ ಕೇಳದೆ ಓದಿಕೊಳ್ಳಬಹುದು.

ಮರುಭೇಟಿಯ ತೊಡಕು ಇನ್ನೂ ಪೂರ್ತಿ ಬಗೆಹರಿದಿಲ್ಲ. ಚೀಟಿಯಲ್ಲಿ ಬರೆಸಿದ ಮೊಬೈಲ್ ಸಂಖ್ಯೆ ಬಹುಪಾಲು ಅಪ್ಪನದೋ ಅಣ್ಣನದೋ ಆಗಿರುತ್ತದೆ, ಆದ್ದರಿಂದ ಹೇಗಿದ್ದೀಯ ಎಂದು ನಾವು ಫೋನ್ ಮಾಡುವಂತಿಲ್ಲ. ನಾನು ಈಗ ಮಾಡುತ್ತಿರುವುದು, ಬಂದವರಲ್ಲಿ ರಕ್ತಹೀನತೆ ಇರುವವರಿಗೆ ಮೂರು ವಾರಕ್ಕೆ ಸರಿಯಾಗಿ ಹಿಮೋಗ್ಲೋಬಿನ್ ಮರುಪರೀಕ್ಷೆಯ ದಿನ ಕೊಟ್ಟು, ಅಂದೇ ಸ್ನೇಹ ಕ್ಲಿನಿಕ್ಕಿನ ಆಪ್ತಸಮಾಲೋಚಕರನ್ನೂ ಕಾಣುವಂತೆ ಹುಡುಗಿಗೆ ಹೇಳುವುದು. ಕಬ್ಬಿಣಾಂಶದ ಮಾತ್ರೆ ನಮ್ಮ ಕಡೆಯ ಹುಡುಗಿಯರಲ್ಲಿ ಬಹಳ ಮಂದಿಗೆ ನಿಜವಾಗಿಯೂ ಬೇಕು, ಹಾಗಾಗಿ ಮನೆಯವರಿಗೆ ಸುಳ್ಳು ಹೇಳಿದಂತೆಯೂ ಆಗುವುದಿಲ್ಲ. ಎಲ್ಲರೂ ಬರುವುದಿಲ್ಲ. ಬಂದವರ ಮುಟ್ಟಿನ ದಿನ ಕೇಳಿ, ಬೇಕಿದ್ದರೆ ಅಲ್ಲಿಯೇ ಮೂತ್ರ ಪರೀಕ್ಷೆ ಮಾಡಿ, ಅಂತರಾ ಬೇಕೆಂದವರನ್ನು ಅಂದೇ ಹೆರಿಗೆ ವಿಭಾಗದ ವೈದ್ಯರಿಗೆ ತೋರಿಸುತ್ತೇವೆ.